ಸೆರಾಮಿಕ್ ಜಲಶೋಧಕಗಳು: ಶರಾವತಿ ಕುರ್ವೆಯ ಬಾವಿನೀರಿನ ನೆಲೆಯಲ್ಲಿ

ಜೇಡಿಮಣ್ಣು, ಚೀನಾಮಣ್ಣು, ಡಯಾಟಮ್ ಮಣ್ಣು ಅಥವಾ ಅಲ್ಯುಮಿನದಂಥ ಲೋಹದ ಆಕ್ಸೈಡುಗಳನ್ನು ಬೇಕಾದ ಆಕಾರಕ್ಕೆ ತಂದು, ಮೈತುಂಬ ಸೂಕ್ಷ್ಮ ರಂಧ್ರಗಳು ಉಳಿಯುವಂತೆ ಸುಟ್ಟ ಗಟ್ಟಿ ವಸ್ತುಗಳೇ ಸೆರಾಮಿಕ್ ಶೋಧಕ ಸಾಮಗ್ರಿಗಳು. ಸ್ಟೀಲ್ ಫಿಲ್ಟರಿನ ಮೇಲಿನ ಪಾತ್ರೆಯಲ್ಲಿ ನಿಲ್ಲಿಸಿರುವ ಬಿಳಿ ಕ್ಯಾಂಡಲ್ ಇವುಗಳಲ್ಲಿ ನಮ್ಮ ಮನೆಗಳಿಗೆ ಹೆಚ್ಚು ಪರಿಚಿತ. ಹೊಟ್ಟು ಬೆರೆಸಿ ಸುಟ್ಟ ಮಣ್ಣಿನ ಕುಂಡ, ಕೆಂಪುಮಣ್ಣಿನ ಬಿಲ್ಲೆ, ಪಟ್ಟಣಗಳ ನೀರು ಶುದ್ಧೀಕರಣ ಘಟಕದ ಸೆರಾಮಿಕ್ ಪೊರೆ ಇವೂ ಅದೇ ಕುಲದವು. ವಿದ್ಯುತ್ ಬೇಡದೆ, ರಾಸಾಯನಿಕ ಬೆರೆಸದೆ, ನೀರಿನ ತೂಕವೊಂದನ್ನೇ ನಂಬಿ ಕೆಲಸ ಮಾಡಬಲ್ಲದ್ದು ಇವುಗಳ ಹೆಚ್ಚುಗಾರಿಕೆ. ಎಲ್ಲ ಬಗೆಯ ಕೆಟ್ಟ ನೀರನ್ನೂ ಇವು ಒಳ್ಳೆಯದು ಮಾಡುತ್ತವೆ ಎಂಬ ನಂಬಿಕೆ ಮಾತ್ರ ತಪ್ಪು. ಯಾವ ಶೋಧಕ ಬೇಕು ಎನ್ನುವುದು ಅಂಗಡಿಯಲ್ಲಿ ತೀರ್ಮಾನವಾಗಬಾರದು, ಬಾವಿಕಟ್ಟೆಯಲ್ಲಿ ಆಗಬೇಕು. ಇದನ್ನು ತೋರಿಸಲು ಉತ್ತರ ಕನ್ನಡದ ಕರಾವಳಿಗಿಂತ ಸರಿಯಾದ ಜಾಗ ಸಿಗುವುದು ಕಷ್ಟ. ಕುಮಟಾ, ಹೊನ್ನಾವರ, ಭಟ್ಕಳ ಈ ಮೂರೇ ತಾಲ್ಲೂಕುಗಳಲ್ಲಿ ನೀರಿನ ನಾಲ್ಕು ಬಗೆಯ ತೊಂದರೆಗಳೂ ಒಂದರ ಪಕ್ಕ ಒಂದು ಕಾಣಸಿಗುತ್ತವೆ.

ಕುರ್ವೆಯ ಬಾವಿ

ಕುರ್ವೆಯೆಂದರೆ ನಡುಗಡ್ಡೆ. ಮಾವಿನಕುರ್ವೆ ಎಂಬ ಹೆಸರಿನ ಊರು ಈ ಕರಾವಳಿಯಲ್ಲಿ ಎರಡಿವೆ. ಒಂದು, ಶರಾವತಿ ಹೊಳೆ ಹೊನ್ನಾವರದಲ್ಲಿ ಕಡಲು ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುವಲ್ಲಿರುವ ತೆಂಗಿನ ತೋಟಗಳ ನಡುಗಡ್ಡೆ. ಇನ್ನೊಂದು, ಭಟ್ಕಳದ ಬಂದರಿರುವ ಮಾವಿನಕುರ್ವೆ. ಮನೆಯಂಗಳದ ತೆರೆದ ಬಾವಿ ಎರಡೂ ಕಡೆ ಕುಡಿಯುವ ನೀರಿನ ಹಳೆಯ ಆಸರೆ. ನಲ್ಲಿ ಬಂದಮೇಲೂ ಬಾವಿಯನ್ನು ಬಿಟ್ಟವರು ಕಡಿಮೆ.

ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ದಡದ ಬೇಣಗಳಲ್ಲಿ ಚಿರೆಕಲ್ಲು, ಹೊಳೆಬದಿಯಲ್ಲಿ ಮರಳು ಮತ್ತು ಮೆಕ್ಕಲು. ಎರಡೂ ನೀರನ್ನು ಬೇಗ ಒಳಗೆ ಬಿಟ್ಟುಕೊಳ್ಳುವ ನೆಲಗಳೇ. ಆಷಾಢದಲ್ಲಿ ಬಾವಿಯ ನೀರು ಕೈಗೆ ಎಟುಕುವಷ್ಟು ಮೇಲೆ ಬರುತ್ತದೆ; ಅದೇ ಹೊತ್ತಿಗೆ ಶೌಚದ ಗುಂಡಿಯ ನೀರೂ ಅದೇ ಮಟ್ಟದಲ್ಲಿರುತ್ತದೆ. ಗುಂಡಿಗೂ ಬಾವಿಗೂ ಕನಿಷ್ಠ 15 ಮೀಟರ್ ಅಂತರವಿರಲಿ ಎನ್ನುವುದು ಸಾಮಾನ್ಯ ಸೂಚನೆ. ಹಿತ್ತಲು ಭಾಗವಾಗುತ್ತ ಬಂದ ಮನೆಗಳಲ್ಲಿ ಅಷ್ಟು ಜಾಗವೆಲ್ಲಿ? ಭಟ್ಕಳದ ಹಳೇ ಪೇಟೆಯ ಕಡೆ ಒಳಚರಂಡಿ ನೀರು ಬಾವಿ ಸೇರುತ್ತದೆ ಎಂಬ ದೂರು ಬಹುಕಾಲದ್ದು. ಹಾಗಾಗಿ ಮಳೆಗಾಲದ ಬಾವಿಯ ಮೊದಲ ತೊಂದರೆ ರೋಗಾಣು. ಮೊದಲ ಮಳೆಯ ಕೆಂಪು ಕದಡು ಎರಡನೆಯದು. ಕಣ್ಣಿಗೆ ಕಾಣುವುದು ಕದಡು, ಕಾಯಿಲೆ ತರುವುದು ಕಾಣದ ರೋಗಾಣು.

ಮೂರನೆಯದು ಕಬ್ಬಿಣ. ಚಿರೆಕಲ್ಲಿನ ನೆಲದ ನೀರು ಸಾಮಾನ್ಯವಾಗಿ ಬಹಳ ಮೆದು. ಅದರಲ್ಲಿ ಕರಗಿದ ಲವಣ ಕಡಿಮೆ, ಆಮ್ಲೀಯತೆ ತುಸು ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುವ 6.5ರ ಪಿಎಚ್ ಮಿತಿಗಿಂತ ಕೆಳಗಿರುವ ಬಾವಿಗಳು ಕರಾವಳಿಯಲ್ಲಿ ಅಪರೂಪವಲ್ಲ. ಇಂಥ ನೀರಿನಲ್ಲಿ ಕಬ್ಬಿಣ ಬಣ್ಣವಿಲ್ಲದೆ ಕರಗಿರುತ್ತದೆ. ಸೇದಿಟ್ಟ ಕೊಡಪಾನದಲ್ಲಿ ರಾತ್ರಿ ಕಳೆದಮೇಲೆ ತಳದಲ್ಲಿ ಕೆಂಪು ಗಸಿ, ಮೇಲೆ ಎಣ್ಣೆಯಂಥ ತೆಳು ಪೊರೆ ಕಂಡರೆ ಅದು ಗಾಳಿ ತಗಲಿ ತುಕ್ಕಾದ ಕಬ್ಬಿಣ.

ನಾಲ್ಕನೆಯದು ಉಪ್ಪು. ನಡುಗಡ್ಡೆಯ ಬಾವಿಯಲ್ಲಿ ಸಿಹಿನೀರು ಸಿಗುವುದೇ ಒಂದು ಸೂಕ್ಷ್ಮ ಸಮತೋಲದಿಂದ. ಮಳೆಯ ಸಿಹಿನೀರು ಉಪ್ಪುನೀರಿಗಿಂತ ಹಗುರ, ಹಾಗಾಗಿ ನೆಲದೊಳಗೆ ಅದರ ಮೇಲೆ ಮಸೂರದ ಆಕಾರದಲ್ಲಿ ತೇಲುತ್ತಿರುತ್ತದೆ. ಡಚ್ ಎಂಜಿನಿಯರ್ ಬಾಡೋನ್ ಘೈಬೆನ್ 1880ರ ದಶಕದ ಕೊನೆಯಲ್ಲಿ, ಜರ್ಮನಿಯ ಹೆರ್ಜ್‌ಬರ್ಗ್ 1901ರಲ್ಲಿ ಇದರ ಲೆಕ್ಕ ಕೊಟ್ಟರು. ಕಡಲಿನ ಮಟ್ಟಕ್ಕಿಂತ ಒಂದು ಮೀಟರ್ ಮೇಲಕ್ಕೆ ಸಿಹಿನೀರು ನಿಂತಿದ್ದರೆ, ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರಿರಬಲ್ಲದು. ಲೆಕ್ಕವನ್ನು ತಿರುಗಿಸಿ ನೋಡಿದರೆ ಅದೇ ಎಚ್ಚರಿಕೆಯಾಗುತ್ತದೆ: ಪಂಪು ಹಚ್ಚಿ ನೀರಿನ ಮಟ್ಟವನ್ನು ಒಂದಡಿ ಇಳಿಸಿದರೆ ಉಪ್ಪುನೀರು ಅದರ ನಲವತ್ತರಷ್ಟು ಮೇಲೇರಲು ಹವಣಿಸುತ್ತದೆ. ಕೊಡದಲ್ಲಿ ಸೇದುತ್ತಿದ್ದ ಕಾಲಕ್ಕೆ ಸಿಹಿಯಾಗಿದ್ದ ಬಾವಿ ಮೋಟಾರು ಕೂರಿಸಿದಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಸವಳಾಗುವುದು ಈ ಕಾರಣಕ್ಕೆ.

ಈ ಉಪ್ಪಿನ ಕತೆಯಲ್ಲಿ ಶರಾವತಿಗೂ ಕುಮಟಾ ಕಡೆಯ ಅಘನಾಶಿನಿ ಹೊಳೆಗೂ ದೊಡ್ಡ ಅಂತರವಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಮೇಲೆ ವಿದ್ಯುದಾಗಾರಗಳಿಂದ ಬಿಡುವ ಸಿಹಿನೀರು ಬೇಸಿಗೆಯಲ್ಲೂ ಶರಾವತಿಯಲ್ಲಿ ಹರಿದುಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಎರಡೂ ಅಳಿವೆಗಳನ್ನು ಹೋಲಿಸಿ ನೋಡಿದ್ದಾರೆ. ಶರಾವತಿ ಅಳಿವೆಯಲ್ಲಿ ಉಪ್ಪಿನಂಶ ಬಹಳ ಕಡಿಮೆಯಾಗಿದೆ, ಅದರೊಂದಿಗೆ ಚಿಪ್ಪುಜೀವಿಗಳೂ ಮೀನಿನ ಬಗೆಗಳೂ ಕುಗ್ಗಿವೆ. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಉಬ್ಬರದ ಉಪ್ಪುನೀರು ಗಜನಿ ಎಂಬ ತಗ್ಗಿನ ಗದ್ದೆಗಳವರೆಗೂ ಏರುತ್ತದೆ, ಅದನ್ನು ತಾಳುವ ಕಗ್ಗ ಭತ್ತ ಅಲ್ಲಿ ಬೆಳೆಯುತ್ತದೆ. ಹೀಗೆ ಒಂದೇ ಕರಾವಳಿಯ ಎರಡು ಅಳಿವೆಗಳ ದಡದಲ್ಲಿ ಬಾವಿಗಳ ಬೇಸಿಗೆಯ ಸ್ವಭಾವ ಒಂದೇ ಆಗಿರಬೇಕಾಗಿಲ್ಲ. ಇಲ್ಲಿ ಒಪ್ಪುವ ಫಿಲ್ಟರು ಅಲ್ಲಿಗೂ ಒಪ್ಪೀತು ಎಂದು ಕಣ್ಣುಮುಚ್ಚಿ ಹೇಳುವಂತಿಲ್ಲ.

ಮಣ್ಣು, ಹೊಟ್ಟು, ಬೆಂಕಿ

ಸುಟ್ಟ ಮಣ್ಣೆಲ್ಲ ಒಂದಿಷ್ಟು ನೀರು ಹೀರುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಗೋಡೆಯ ರಂಧ್ರಗಳಿಂದ ಹೊರಗೆ ಜಿನುಗಿ ಆರುವುದರಿಂದ. ಶೋಧಕ ಮಾಡುವವರು ಈ ಗುಣವನ್ನೇ ಹದಕ್ಕೆ ತಂದು ಬಳಸುತ್ತಾರೆ. ಹೂಜಿಯ ಗೋಡೆಯಿಂದ ದಿನಕ್ಕೆ ಜಿನುಗುವ ನೀರು ಕುಡಿಯಲು ಸಾಲದು, ಆದ್ದರಿಂದ ರಂಧ್ರಗಳನ್ನು ಬೇಕೆಂದೇ ಹೆಚ್ಚಿಸಬೇಕು. ಅದಕ್ಕೆ ಒಣಗಿಸಿ ಜರಡಿ ಹಿಡಿದ ಜೇಡಿಮಣ್ಣಿಗೆ ಭತ್ತದ ಹೊಟ್ಟಿನ ಪುಡಿಯನ್ನೋ ಮರ ಕೊಯ್ಯುವಾಗ ಉದುರುವ ಪುಡಿಯನ್ನೋ ಬೆರೆಸುತ್ತಾರೆ. ಆವಿಗೆಯಲ್ಲಿ ಅದು ಉರಿದುಹೋದ ಜಾಗವೇ ರಂಧ್ರ. ಹೊಟ್ಟು ಎಷ್ಟು ನುಣ್ಣಗಿದೆ, ಎಷ್ಟು ಪಾಲು ಬೆರೆತಿದೆ ಎಂಬುದರ ಮೇಲೆ ನೀರಿನ ವೇಗ ನಿಂತಿದೆ. ಹೊಟ್ಟು ಹೆಚ್ಚಾದರೆ ನೀರು ಓಡುತ್ತದೆ, ರೋಗಾಣುವೂ ಜೊತೆಗೆ ಓಡುತ್ತದೆ. ಕಡಿಮೆಯಾದರೆ ಮನೆಯವರು ಕಾದು ಬೇಸತ್ತು ಫಿಲ್ಟರನ್ನು ಅಟ್ಟಕ್ಕೇರಿಸುತ್ತಾರೆ.

ಬೆಂಕಿಯ ಹದ ಇನ್ನೂ ನಾಜೂಕು. ಸುಮಾರು 300ರಿಂದ 500 ಡಿಗ್ರಿ ಸೆಲ್ಸಿಯಸ್ ನಡುವೆ ಹೊಟ್ಟು ಉರಿಯುತ್ತದೆ. ಆಗ ಗಾಳಿ ಸಾಲದಿದ್ದರೆ ಗೋಡೆಯ ನಡುವೆ ಕರಿ ಪಟ್ಟೆ ಉಳಿಯುತ್ತದೆ. 450ರಿಂದ 600 ಡಿಗ್ರಿಯ ಆಸುಪಾಸಿನಲ್ಲಿ ಮಣ್ಣಿನ ಹರಳುಗಳಲ್ಲಿ ಬಂಧಿಯಾಗಿದ್ದ ನೀರು ಹೊರಟುಹೋಗುತ್ತದೆ. ಅಲ್ಲಿಂದಾಚೆಗೆ ಅದು ಮತ್ತೆ ನೆನೆದು ಕೆಸರಾಗದು, ಮಣ್ಣು ಮಡಕೆಯಾಗುವುದು ಅಲ್ಲೇ. 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಮರಳುಕಣ ಒಮ್ಮೆಲೇ ಹಿಗ್ಗುತ್ತದೆ, ಆರುವಾಗ ಅದೇ ಹಂತದಲ್ಲಿ ಕುಗ್ಗುತ್ತದೆ. ಈ ಘಟ್ಟವನ್ನು ಅವಸರದಲ್ಲಿ ದಾಟಿದರೆ ಕೂದಲೆಳೆಯ ಬಿರುಕು ಬೀಳುತ್ತದೆ. ಅಡುಗೆಯ ಗಡಿಗೆಯಲ್ಲಾದರೆ ಅಂಥ ಬಿರುಕಿನಿಂದ ತುಸು ಸಾರು ಜಿನುಗೀತು. ಶೋಧಕದಲ್ಲಿ ಅದು ರೋಗಾಣುವಿಗೆ ಹೆದ್ದಾರಿ. ಕೆಂಪುಮಣ್ಣಿನ ಕುಂಡಗಳನ್ನು 850ರಿಂದ 900 ಡಿಗ್ರಿಯ ಸುಮಾರಿಗೆ ಸುಟ್ಟು ನಿಲ್ಲಿಸುವುದು ವಾಡಿಕೆ. ಇನ್ನೂ ಬಿಸಿ ಏರಿಸಿದರೆ ಮಣ್ಣು ಕರಗತೊಡಗಿ, ಕಷ್ಟಪಟ್ಟು ತೆರೆದ ರಂಧ್ರಗಳು ಮುಚ್ಚಿಕೊಳ್ಳುತ್ತವೆ.

ಬಿಳಿ ಕ್ಯಾಂಡಲ್ಲಿನ ಮೈ ಬೇರೆ. ಅದರಲ್ಲಿ ಚೀನಾಮಣ್ಣು ಅಥವಾ ಡಯಾಟಮ್ ಮಣ್ಣು ಮುಖ್ಯ. ಡಯಾಟಮ್‌ಗಳೆಂದರೆ ಗಾಜಿನಂಥ ಸಿಲಿಕಾ ಕವಚ ಕಟ್ಟಿಕೊಂಡು ನೀರಿನಲ್ಲಿ ಬದುಕುವ ಏಕಕೋಶ ಪಾಚಿಗಳು. ಸತ್ತ ಅವುಗಳ ಕವಚ ಕೆರೆ, ಕಡಲ ತಳದಲ್ಲಿ ಲಕ್ಷಾಂತರ ವರ್ಷ ಕೂತು ಹಗುರವಾದ ಬಿಳಿಮಣ್ಣಾಗುತ್ತದೆ. ಪ್ರತಿ ಕವಚದಲ್ಲೂ ಸಾಲುಸಾಲು ತೂತುಗಳು ಮೊದಲೇ ಇರುವುದರಿಂದ ರಂಧ್ರ ಮಾಡುವ ಅರ್ಧ ಕೆಲಸವನ್ನು ಆ ಪಾಚಿಯೇ ಮಾಡಿಟ್ಟಿರುತ್ತದೆ.

ಜಾಲರಿಯಲ್ಲ, ಗೊಂಡಾರಣ್ಯ

ಕಾಫಿ ಸೋಸುವ ಜಾಲರಿಯಲ್ಲಿ ತೂತಿಗಿಂತ ದೊಡ್ಡದು ನಿಲ್ಲುತ್ತದೆ, ಚಿಕ್ಕದು ಜಾರುತ್ತದೆ. ಸೆರಾಮಿಕ್ ಗೋಡೆಯಲ್ಲಿ ಅಷ್ಟೇ ನಡೆಯುವುದಿಲ್ಲ. ಒಂದೆರಡು ಸೆಂಟಿಮೀಟರ್ ದಪ್ಪದ ಗೋಡೆಯಲ್ಲಿ ನೀರಿನ ದಾರಿ ತಿರುಗಿ, ಕವಲೊಡೆದು, ಕುರುಡು ಓಣಿಗಳಿಗೆ ನುಗ್ಗಿ ಸಾಗುತ್ತದೆ. ರಂಧ್ರಕ್ಕಿಂತ ಚಿಕ್ಕ ಕಣವೂ ತಿರುವಿನಲ್ಲಿ ಗೋಡೆಗೆ ತಾಗಿ ಅಂಟಿಕೊಳ್ಳಬಹುದು.

ಆದರೂ ಗಾತ್ರದ ಲೆಕ್ಕ ಗೊತ್ತಿರಬೇಕು. ಒಳ್ಳೆಯ ಕ್ಯಾಂಡಲ್ಲಿನ ರಂಧ್ರ ಒಂದು ಮೈಕ್ರಾನ್‌ನ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಭೇದಿ ತರುವ ಜಿಯಾರ್ಡಿಯಾದ ಕೋಶ 8ರಿಂದ 12 ಮೈಕ್ರಾನ್, ಕ್ರಿಪ್ಟೋಸ್ಪೋರಿಡಿಯಂ 4ರಿಂದ 6. ಇವು ಗೋಡೆಯ ಮೈಮೇಲೇ ನಿಲ್ಲುತ್ತವೆ. ಇ. ಕೋಲೈ, ಕಾಲರಾ, ವಿಷಮಶೀತಜ್ವರದ ಬ್ಯಾಕ್ಟೀರಿಯಾಗಳು ಅರ್ಧದಿಂದ ಎರಡು ಮೂರು ಮೈಕ್ರಾನ್, ಇವೂ ಬಹುಪಾಲು ಸಿಕ್ಕಿಬೀಳುತ್ತವೆ. ವೈರಸ್ಸುಗಳು ಬೇರೆಯೇ ಅಳತೆಯವು. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಮೈಕ್ರಾನಿನ ನೂರರ ಮೂರು ಪಾಲಿನಷ್ಟು ಚಿಕ್ಕದು. ಸೆರಾಮಿಕ್ ಶೋಧಕವನ್ನು ಅದರ ವಿಷಯದಲ್ಲಿ ನಂಬುವಂತಿಲ್ಲ.

ಕರಾವಳಿಯವರು ವಿಶೇಷವಾಗಿ ತಿಳಿದಿರಬೇಕಾದ ಇನ್ನೊಂದು ಜೀವಿ ಇಲಿಜ್ವರದ ಲೆಪ್ಟೋಸ್ಪೈರಾ. ಬ್ಯಾಕ್ಟೀರಿಯಾವೇ ಆದರೂ ಅದು ಬಳ್ಳಿಯ ಕುಡಿಯಂತೆ ಸುರುಳಿ ಸುತ್ತಿದ ಮೈ. ದಪ್ಪ ಮೈಕ್ರಾನಿನ ಹತ್ತನೆಯ ಒಂದು ಪಾಲು ಮಾತ್ರ. ಪ್ರಯೋಗಾಲಯಗಳಲ್ಲಿ ಬೇರೆ ಬ್ಯಾಕ್ಟೀರಿಯಾಗಳನ್ನು ತಡೆಯುವ 0.22 ಮೈಕ್ರಾನ್ ಸೋಸುಕದಿಂದಲೂ ಅದು ನುಸುಳಿ ಹೊರಬರುತ್ತದೆ. ಈ ರೋಗ ಹೆಚ್ಚಾಗಿ ಹರಡುವುದು ಕೆಸರಿನಲ್ಲಿ ನಿಂತ ಕಾಲಿನ ಗಾಯದಿಂದಲೇ ಹೊರತು ಕುಡಿಯುವ ನೀರಿನಿಂದಲ್ಲ. ಆದರೂ ನೆರೆ ನುಗ್ಗಿದ ಬಾವಿಯ ನೀರನ್ನು ಫಿಲ್ಟರಿಗೆ ಹಾಕಿ ನಿಶ್ಚಿಂತರಾಗುವುದು ಸಲ್ಲದು. ಅದನ್ನು ಕುದಿಸಲೇಬೇಕು. ಕುದಿಸಿ ಆರಿಸಿದ ನೀರನ್ನೇ ಕುಡಿಯುವ ಕರಾವಳಿ ಮನೆಗಳ ರೂಢಿಗೆ ಯಾವ ಶೋಧಕವೂ ಪೂರ್ತಿ ಬದಲಿಯಲ್ಲ.

ಉಪ್ಪಿನ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ಸರಳ. ನೀರಿನಲ್ಲಿ ಕರಗಿದ ಸೋಡಿಯಂ, ಕ್ಲೋರೈಡ್ ಅಯಾನುಗಳು ಮೈಕ್ರಾನಿನ ಸಾವಿರದ ಒಂದು ಪಾಲಿಗಿಂತಲೂ ಚಿಕ್ಕವು. ಸವಳು ನೀರನ್ನು ಎಂಥ ಕ್ಯಾಂಡಲ್ಲಿಗೆ ಹಾಕಿದರೂ ಕೆಳಗೆ ಬರುವುದು ಸವಳು ನೀರೇ. ಅದಕ್ಕೆ ಆರ್‌ಒ ಯಂತ್ರ ಬೇಕು, ಇಲ್ಲವೇ ಮಳೆನೀರು ಹಿಡಿದಿಡಬೇಕು. ಆರ್‌ಒ ಯಂತ್ರ ಒಂದು ಲೀಟರ್ ಕೊಡಲು ಒಂದೆರಡು ಲೀಟರನ್ನಾದರೂ ಚರಂಡಿಗೆ ಬಿಡುತ್ತದೆ. ಚಿರೆಕಲ್ಲಿನ ಬಾವಿಯ ನೀರು ಮೊದಲೇ ಲವಣ ಕಡಿಮೆಯದು. ಅದನ್ನು ಆರ್‌ಒಗೆ ಕೊಡುವುದೆಂದರೆ ಇರುವ ಅಷ್ಟಿಷ್ಟು ಲವಣವನ್ನೂ ತೆಗೆದುಹಾಕಲು ವಿದ್ಯುತ್ತನ್ನೂ ನೀರನ್ನೂ ಸುರಿದಂತೆ. ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರುವ ಕಡೆ ಆರ್‌ಒ ಬಳಕೆ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ ಹೇಳಿದ್ದು ಇಂಥ ವ್ಯರ್ಥವನ್ನು ಕಂಡೇ. ಕರಾವಳಿಯ ಸಿಹಿಬಾವಿಗಳ ಮನೆಗಳಲ್ಲಿ ಆರ್‌ಒ ಯಂತ್ರ ಗೋಡೆಯೇರುತ್ತಿರುವುದು ನೋಡಲು ಬೇಸರದ ಸಂಗತಿ. ಅಲ್ಲಿ ಬೇಕಾದ ಕೆಲಸವನ್ನು ಕ್ಯಾಂಡಲ್ ಮತ್ತು ಒಲೆ ಎರಡೇ ಸೇರಿ ಮುಗಿಸಬಲ್ಲವು.

ಕಾಲರಾದ ನೆರಳಲ್ಲಿ ಹುಟ್ಟಿದ್ದು

ಹತ್ತೊಂಬತ್ತನೇ ಶತಮಾನದ ಲಂಡನ್ ಥೇಮ್ಸ್ ನದಿಯ ಕೊಳಕು ನೀರು ಕುಡಿಯುತ್ತಿತ್ತು. ಲ್ಯಾಂಬೆತ್‌ನ ಡೌಲ್ಟನ್ ಕುಂಬಾರಿಕೆಯವರು ಆ ಕಾಲಕ್ಕೇ ಗಟ್ಟಿಮಣ್ಣಿನ ಫಿಲ್ಟರುಗಳನ್ನು ಮಾರುತ್ತಿದ್ದರು. ಆಗಿನ್ನೂ ರೋಗಾಣು ಎಂಬ ಕಲ್ಪನೆ ನೆಲೆಗೊಂಡಿರಲಿಲ್ಲ, ಕದಡು ಮತ್ತು ವಾಸನೆ ಹೋದರೆ ಸಾಕೆಂಬ ಭಾವ. 1854ರಲ್ಲಿ ಅಲ್ಲಿನ ವೈದ್ಯ ಜಾನ್ ಸ್ನೋ ಬ್ರಾಡ್ ಸ್ಟ್ರೀಟ್‌ನ ಪಂಪಿಗೂ ಕಾಲರಾಕ್ಕೂ ಇರುವ ನಂಟು ತೋರಿಸಿದ. ಕಾಲರಾದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಕ್ ಖಚಿತಪಡಿಸಿದ್ದು 1884ರಲ್ಲಿ, ನಮ್ಮ ಕಲ್ಕತ್ತೆಯಲ್ಲಿ ಕೆರೆಗಳ ನೀರು ಪರೀಕ್ಷಿಸಿ. ಅದೇ 1884ರಲ್ಲಿ ಪ್ಯಾರಿಸ್‌ನಲ್ಲಿ ಪಾಶ್ಚರನ ಸಹಾಯಕ ಚಾರ್ಲ್ಸ್ ಚೇಂಬರ್‌ಲ್ಯಾಂಡ್ ಮೆರುಗು ಹಚ್ಚದ ಪಿಂಗಾಣಿ ಕೊಳವೆಯ ಶೋಧಕ ರೂಪಿಸಿದ. ಇಂದಿನ ಕ್ಯಾಂಡಲ್ಲಿನ ನೇರ ಪೂರ್ವಜ ಅದು.

1891ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಬೆರ್ಕೆಫೆಲ್ಡ್ ಡಯಾಟಮ್ ಮಣ್ಣಿನ ಶೋಧಕ ತಂದ. ಮರುವರ್ಷವೇ ಹ್ಯಾಂಬರ್ಗ್‌ನಲ್ಲಿ ಕಾಲರಾ ಎದ್ದು 8,600ಕ್ಕೂ ಹೆಚ್ಚು ಜನ ಸತ್ತರು. ಅದೇ ಎಲ್ಬೆ ನದಿಯ ನೀರನ್ನು ಮರಳಿನಲ್ಲಿ ಸೋಸಿ ಕೊಡುತ್ತಿದ್ದ ಪಕ್ಕದ ಆಲ್ಟೋನಾ ಪಟ್ಟಣ ಬಹುಮಟ್ಟಿಗೆ ಪಾರಾಯಿತು. ಸೋಸಿದ ನೀರಿನ ಬೆಲೆಯನ್ನು ಜಗತ್ತು ಕಲಿತದ್ದು ಆ ಒಂದು ಬೇಸಿಗೆಯಲ್ಲಿ.

ಈ ಶೋಧಕಗಳು ಏನನ್ನು ತಡೆಯಲಾರವು ಎಂಬುದರಿಂದಲೂ ವಿಜ್ಞಾನ ಬೆಳೆಯಿತು. 1892ರಲ್ಲಿ ರಷ್ಯಾದ ಇವನೋವ್‌ಸ್ಕಿ ರೋಗ ತಗಲಿದ ಹೊಗೆಸೊಪ್ಪಿನ ರಸವನ್ನು ಚೇಂಬರ್‌ಲ್ಯಾಂಡ್ ಕೊಳವೆಯಲ್ಲಿ ಸೋಸಿದ. ಸೋಸಿದ ರಸವೂ ಹೊಸ ಗಿಡಕ್ಕೆ ರೋಗ ಹಚ್ಚಿತು. 1898ರಲ್ಲಿ ಬೈಯೆರಿಂಕ್ ಅದನ್ನೇ ಮುಂದುವರಿಸಿ, ಬ್ಯಾಕ್ಟೀರಿಯಾಕ್ಕಿಂತ ಬೇರೆಯದಾದ ಸೋಂಕುಕಾರಕ ಇದೆಯೆಂದು ವಾದಿಸಿದ. ಅದೇ ವರ್ಷ ದನಗಳ ಕಾಲುಬಾಯಿ ಜ್ವರದ ಕಾರಣವೂ ಶೋಧಕದಿಂದ ನುಸುಳುವಂಥದ್ದೆಂದು ಲೆಫ್ಲರ್ ಮತ್ತು ಫ್ರಾಶ್ ತೋರಿಸಿದರು. ಭಾರತದ ಪಾಲೂ ಇದರಲ್ಲಿದೆ. 1896ರಲ್ಲಿ ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ ಗಂಗೆ ಯಮುನೆಯರ ನೀರಿನಲ್ಲಿ ಕಾಲರಾ ಬ್ಯಾಕ್ಟೀರಿಯಾವನ್ನು ಕೊಲ್ಲುವ ಯಾವುದೋ ವಸ್ತುವಿದೆ, ಅದು ಪಿಂಗಾಣಿ ಶೋಧಕದಿಂದ ಹಾದುಹೋಗುತ್ತದೆ, ಕುದಿಸಿದರೆ ನಾಶವಾಗುತ್ತದೆ ಎಂದು ಬರೆದ. ಬ್ಯಾಕ್ಟೀರಿಯಾವನ್ನು ತಿನ್ನುವ ವೈರಸ್ಸುಗಳ ಮೊದಲ ಸುಳಿವುಗಳಲ್ಲಿ ಅದೂ ಒಂದೆಂದು ಈಗ ಗಣಿಸುತ್ತಾರೆ.

ಬಡವರ ಮನೆಗೆಂದೇ ಯೋಚಿಸಿದ ಶೋಧಕ ಬಂದದ್ದು ಬಹಳ ತಡವಾಗಿ. 1981ರಲ್ಲಿ ಗ್ವಾಟೆಮಾಲಾದ ಫೆರ್ನಾಂಡೊ ಮಜಾರಿಯೆಗೋಸ್ ಊರ ಕುಂಬಾರರೇ ಮಾಡಬಹುದಾದ, ಬೆಳ್ಳಿಯ ಸೂಕ್ಷ್ಮಕಣ ಬಳಿದ ಮಣ್ಣಿನ ಕುಂಡವನ್ನು ರೂಪಿಸಿದ. ದೊಡ್ಡ ಡಬ್ಬಿಯ ಬಾಯಿಗೆ ಕೂರುವ ಈ ಕುಂಡದಿಂದ ಗಂಟೆಗೆ ಒಂದೂವರೆಯಿಂದ ಎರಡೂವರೆ ಲೀಟರ್ ನೀರಿಳಿಯುತ್ತದೆ. 1998ರಲ್ಲಿ ಮಿಚ್ ಚಂಡಮಾರುತ ಮಧ್ಯ ಅಮೆರಿಕವನ್ನು ಧ್ವಂಸ ಮಾಡಿದಮೇಲೆ ‘ಪಾಟರ್ಸ್ ಫಾರ್ ಪೀಸ್’ ಸಂಸ್ಥೆಯ ರಾನ್ ರಿವೆರಾ ಇದನ್ನು ದೇಶದಿಂದ ದೇಶಕ್ಕೆ ಒಯ್ದ. ಹಕ್ಕುಸ್ವಾಮ್ಯ ಕಟ್ಟಿಕೊಳ್ಳದೆ ಕೆಲಸವನ್ನು ಎಲ್ಲರಿಗೂ ಕಲಿಸಿದ್ದು ಅವರ ದೊಡ್ಡತನ. ಕಾಂಬೋಡಿಯಾದಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಈ ಕುಂಡ ಬಳಸಿದ ಮನೆಗಳಲ್ಲಿ ಭೇದಿ ಶೇ 46ರಷ್ಟು ಕಡಿಮೆಯಿತ್ತು. ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು: ತಿಂಗಳಿಗೆ ಸುಮಾರು ಶೇ 2ರಷ್ಟು ಮನೆಗಳು ಬಳಕೆ ನಿಲ್ಲಿಸುತ್ತಿದ್ದವು, ಹೆಚ್ಚಾಗಿ ಕುಂಡ ಒಡೆದ ಕಾರಣಕ್ಕೆ. ಬದಲಿ ಕುಂಡ ಹತ್ತಿರದ ಸಂತೆಯಲ್ಲಿ ಸಿಗದಿದ್ದರೆ ಯೋಜನೆ ಅಲ್ಲಿಗೆ ಮುಗಿಯಿತು.

ಒಡಿಶಾದ ಭುವನೇಶ್ವರದ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯ ಕೆಂಪುಮಣ್ಣು, ಹೊಳೆಮರಳು, ಮರದ ಪುಡಿ ಬೆರೆಸಿ ಸುಟ್ಟ ‘ಟೆರಾಫಿಲ್’ ಬಿಲ್ಲೆಯನ್ನು ರೂಪಿಸಿತು. ಕದಡು ಮತ್ತು ಕಬ್ಬಿಣದ ನೀರಿಗೆ ಅದು ಹೆಸರುವಾಸಿ. ನಮ್ಮ ಕರಾವಳಿಯ ನೀರಿಗೆ ಹತ್ತಿರದ ಪಾಠ ಇದರಲ್ಲೇ ಇದೆ.

ಉಳಿದ ಬಗೆಗಳು

ಅಲ್ಯುಮಿನ, ಜಿರ್ಕೋನಿಯ, ಟೈಟಾನಿಯದಿಂದ ಮಾಡಿದ ಸೆರಾಮಿಕ್ ಪೊರೆಗಳು ದೊಡ್ಡ ಘಟಕಗಳಿಗೆ ಸೇರಿದವು. ನೆದರ್ಲೆಂಡ್ಸ್‌ನ ಆಂಡೈಕ್‌ನಲ್ಲಿ 2014ರಿಂದ ಇಂಥ ಪೊರೆಯ ಘಟಕ ಕುಡಿಯುವ ನೀರು ಕೊಡುತ್ತಿದೆ. ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಸಕ್ರಿಯಗೊಳಿಸಿದ ಅಲ್ಯುಮಿನದ ಗುಳಿಗೆಗಳು ಸೋಸುವುದಕ್ಕಿಂತ ಹೀರಿಕೊಳ್ಳುವ ಕೆಲಸ ಮಾಡುತ್ತವೆ. ಪಾವಗಡದಂಥ ಬಯಲುಸೀಮೆಯ ಫ್ಲೋರೈಡ್ ನೀರಿಗೆ ಅವು ಬೇಕು, ಘಟ್ಟದ ಕೆಳಗೆ ಆ ಚಿಂತೆ ಸಾಮಾನ್ಯವಾಗಿ ಇಲ್ಲ. ಚಿರೆಕಲ್ಲಿನ ಪುಡಿಯೇ ಒಂದು ಶೋಧಕ ಸಾಮಗ್ರಿ ಎಂಬುದು ಇಲ್ಲಿನವರಿಗೆ ಸೋಜಿಗವಾಗಬಹುದು. ಅದರಲ್ಲಿರುವ ಕಬ್ಬಿಣ, ಅಲ್ಯುಮಿನಿಯಂ ಆಕ್ಸೈಡುಗಳು ಆರ್ಸೆನಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಖರಗಪುರದ ಐಐಟಿಯವರು ಸಂಸ್ಕರಿಸಿದ ಚಿರೆಕಲ್ಲಿನಿಂದ ಪಶ್ಚಿಮ ಬಂಗಾಳದ ಆರ್ಸೆನಿಕ್ ನೀರಿಗೆ ಶೋಧಕ ಮಾಡಿದ್ದಾರೆ.

ಬೆಳ್ಳಿಯ ವಿಷಯ ಒಂದು ಮಾತು. ಬೆಳ್ಳಿಯ ಅಯಾನುಗಳು ಬ್ಯಾಕ್ಟೀರಿಯಾದ ಕಿಣ್ವಗಳಲ್ಲಿರುವ ಗಂಧಕದ ಭಾಗಕ್ಕೆ ಅಂಟಿ ಅವನ್ನು ಕೆಡಿಸುತ್ತವೆ. ಗೋಡೆಯಲ್ಲಿ ಸಿಕ್ಕಿಬಿದ್ದ ಬ್ಯಾಕ್ಟೀರಿಯಾ ಅಲ್ಲೇ ಬೆಳೆದು ಒಳಬದಿಗೆ ಹಾಯದಂತೆ ತಡೆಯುವುದು ಬೆಳ್ಳಿಯ ಮುಖ್ಯ ಕೆಲಸ. ನೀರಿನಲ್ಲಿ ಬೆಳ್ಳಿ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದೆಂಬ ಮಿತಿ ನಮ್ಮ ಮಾನಕದಲ್ಲಿದೆ. ಕ್ಯಾಂಡಲ್ಲಿನ ಒಳಗೆ ತುಂಬುವ ಇದ್ದಿಲಿನ ಹರಳು ವಾಸನೆ ಮತ್ತು ಕ್ಲೋರಿನ್ ತೆಗೆಯಲು.

ಮನೆಯ ಫಿಲ್ಟರು, ಹತ್ತಿರದಿಂದ

ಫಿಲ್ಟರು ಸೋಲುವುದು ಹೆಚ್ಚಾಗಿ ಕ್ಯಾಂಡಲ್ಲಿನ ಮೈಯಲ್ಲಲ್ಲ, ಬುಡದಲ್ಲಿ. ಕ್ಯಾಂಡಲ್ಲಿನ ಬುಡದ ತಿರುಪು ಮೇಲಿನ ಪಾತ್ರೆಯ ತೂತಿನಿಂದ ಕೆಳಗಿಳಿದು ನಟ್ಟಿನಲ್ಲಿ ಬಿಗಿಯುತ್ತದೆ, ನಡುವೆ ರಬ್ಬರಿನ ವಾಷರು. ಆ ವಾಷರು ಒಣಗಿ ಸೆಟೆದರೆ, ಇಲ್ಲವೇ ಪಾತ್ರೆಯ ಒಳಗಿರಬೇಕಾದದ್ದು ಹೊರಗೆ ಬಿದ್ದರೆ, ಬಾವಿಯ ನೀರು ಕ್ಯಾಂಡಲ್ಲನ್ನು ಮುಟ್ಟದೆ ಅಂಚಿನಿಂದ ನೇರ ಕೆಳಗಿಳಿಯುತ್ತದೆ. ನೋಡಲು ತಿಳಿಯಾಗಿಯೇ ಇರುತ್ತದೆ. ಗುರುತು ಹಿಡಿಯುವ ಉಪಾಯ ಸುಲಭ: ಮೇಲಿನ ಪಾತ್ರೆಯಲ್ಲಿ ಬುಡದ ವಾಷರು ಮುಳುಗುವಷ್ಟೇ, ಅಂದರೆ ಬೆರಳಿನಷ್ಟು ನೀರು ಹಾಕಿ, ಕೆಳಗಿನಿಂದ ನೋಡಬೇಕು. ತಿರುಪಿನ ಒಳತೂತಿನಿಂದ ಬರುವ ಹನಿ ಸರಿ, ನಟ್ಟಿನ ಸುತ್ತಲಿಂದ ಬರುವ ಹನಿ ತಪ್ಪು.

ಬಿರುಕು ಪತ್ತೆಗೂ ಒಂದು ಹಳೆಯ ಪರೀಕ್ಷೆಯಿದೆ. ಕ್ಯಾಂಡಲ್ಲನ್ನು ಪೂರ್ತಿ ನೆನೆಸಿ, ನೀರಿನಲ್ಲಿ ಮುಳುಗಿಸಿ, ತಿರುಪಿನ ತೂತಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಊದಬೇಕು. ಒಂದೇ ಕಡೆಯಿಂದ ಗುಳ್ಳೆಗಳ ಸಾಲು ಎದ್ದರೆ ಅಲ್ಲಿ ಬಿರುಕಿದೆ. ಇದು ಹೇಗೆ ಕೆಲಸ ಮಾಡುತ್ತದೆ ಎಂದರೆ, ನೆನೆದ ರಂಧ್ರದೊಳಗಿನ ನೀರನ್ನು ಮೇಲ್ಮೈ ಎಳೆತ ಹಿಡಿದಿರುತ್ತದೆ. ಒಂದು ಮೈಕ್ರಾನ್ ರಂಧ್ರದಿಂದ ಅದನ್ನು ಗಾಳಿಯಿಂದ ತಳ್ಳಲು ವಾತಾವರಣದ ಒತ್ತಡದ ಸುಮಾರು ಮೂರರಷ್ಟು ಬೇಕು. ಬಾಯಿಯಿಂದ ಊದಿದರೆ ಹೆಚ್ಚೆಂದರೆ ವಾತಾವರಣದ ಒತ್ತಡದ ಹತ್ತನೆಯ ಒಂದು ಪಾಲು ಬಂದೀತು. ಅಷ್ಟಕ್ಕೆ ಗಾಳಿ ದಾಟಿತೆಂದರೆ ಆ ದಾರಿ 30 ಮೈಕ್ರಾನಿನಷ್ಟು ಅಗಲವಾದರೂ ಇದೆಯೆಂದೇ ಅರ್ಥ. ಬ್ಯಾಕ್ಟೀರಿಯಾಗಳು ಸಾಲಾಗಿ ನುಗ್ಗಲು ಅಷ್ಟು ಸಾಕು. ಗುಳ್ಳೆ ಬರಲಿಲ್ಲವೆಂದರೆ ಎಲ್ಲವೂ ಸರಿಯೆಂದಲ್ಲ, ದೊಡ್ಡ ಬಿರುಕಿಲ್ಲ ಎಂದಷ್ಟೇ.

ಕ್ಯಾಂಡಲ್ ಕಟ್ಟಿಕೊಂಡಾಗ ಮೆದು ಬ್ರಷ್ಷಿನಿಂದಲೋ ತೆಂಗಿನ ನಾರಿನಿಂದಲೋ ಹರಿಯುವ ನೀರಿನಲ್ಲಿ ಉಜ್ಜಿದರೆ ಮೇಲಿನ ಕೆಂಪು ಪದರ ಹೋಗಿ ಹೊಸ ಮೈ ಕಾಣುತ್ತದೆ. ಸೋಪು ಬೇಡ, ರಂಧ್ರ ಅದನ್ನು ಹೀರಿಕೊಂಡುಬಿಡುತ್ತದೆ. ಪ್ರತಿ ಉಜ್ಜಿಗೂ ಗೋಡೆ ತುಸು ತೆಳುವಾಗುವುದರಿಂದ ಕ್ಯಾಂಡಲ್ಲಿಗೆ ಆಯುಷ್ಯವಿದೆ. ಉಜ್ಜಿದ ಕೈಯಿಂದ ಒಳಬದಿಯ ತಿರುಪನ್ನು ಮುಟ್ಟಬಾರದು.

ಕಬ್ಬಿಣದ ನೀರಿಗೆ ಮುಂಚಿತ ತಯಾರಿ ಬೇಕು. ಸೇದಿದ ನೀರನ್ನು ನೇರ ಫಿಲ್ಟರಿಗೆ ಸುರಿದರೆ ಕರಗಿದ ಕಬ್ಬಿಣ ಗೋಡೆ ದಾಟಿ ಕೆಳಗಿನ ಪಾತ್ರೆಯಲ್ಲಿ ತುಕ್ಕಾಗುತ್ತದೆ. ಮೊದಲು ಎತ್ತರದಿಂದ ಸುರಿದು ಗಾಳಿಯಾಡಿಸಿ, ರಾತ್ರಿಯಿಡೀ ಬಿಟ್ಟು, ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಹಾಕಬೇಕು. ಆಮ್ಲೀಯ ನೀರಿನಲ್ಲಿ ತುಕ್ಕಾಗುವ ಕೆಲಸ ಬಹಳ ನಿಧಾನ. ಪಿಎಚ್ ಒಂದು ಅಂಕಿ ಇಳಿದರೆ ವೇಗ ನೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದಲೇ ನೀರಿನ ಹುಳಿಯನ್ನು ತಗ್ಗಿಸುವ ಸುಣ್ಣ ಇಂಥ ನೀರಿಗೆ ಮದ್ದು. ಆದರೆ ಅಳತೆ ತಿಳಿದವರ ಕೈಯಲ್ಲಿ ಮಾತ್ರ.

ಇಲ್ಲೇ ಮಾಡಬಹುದೇ?

ಉತ್ತರ ಕನ್ನಡದ ಕರಾವಳಿಯಲ್ಲಿ ಮಡಕೆ ಮಾಡುವ ಗುನಗರ ಮನೆತನಗಳಿವೆ. ಪಕ್ಕದ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಗ್ರಾಮೀಣ ಕುಂಬಾರಿಕೆ ಸಂಸ್ಥೆಯಿದೆ. ಗದ್ದೆಯ ಹೊಟ್ಟು, ಗಿರಣಿಯ ಮರದ ಪುಡಿ, ಹೊಳೆಬದಿಯ ಜೇಡಿಮಣ್ಣು ಯಾವುದಕ್ಕೂ ಇಲ್ಲಿ ಬರವಿಲ್ಲ. ಗ್ವಾಟೆಮಾಲಾ, ಕಾಂಬೋಡಿಯಾಗಳಲ್ಲಿ ಊರ ಕುಂಬಾರರು ಮಾಡಿದ್ದನ್ನು ಇಲ್ಲಿನ ಕೈಗಳು ಮಾಡಲಾರವು ಎನ್ನಲು ಕಾರಣ ಕಾಣದು. ಒಡೆದ ಕುಂಡಕ್ಕೆ ಬದಲಿಯನ್ನು ಕುಮಟೆಯ ಸಂತೆಯಲ್ಲೇ ಕೊಳ್ಳುವಂತಾದರೆ ಕಾಂಬೋಡಿಯಾದ ಆ ದೊಡ್ಡ ದೌರ್ಬಲ್ಯವೂ ಇಲ್ಲಿ ನೀಗುತ್ತದೆ. ಕಷ್ಟವಿರುವುದು ಏಕರೂಪತೆಯಲ್ಲಿ. ತೆರೆದ ಆವಿಗೆಯಲ್ಲಿ ಒಂದು ಮೂಲೆ 900 ಡಿಗ್ರಿ ಮುಟ್ಟಿದರೆ ಇನ್ನೊಂದು 700ರಲ್ಲೇ ಉಳಿಯಬಹುದು. ಮಡಕೆಗೆ ಅದು ನಡೆಯುತ್ತದೆ, ಶೋಧಕಕ್ಕೆ ನಡೆಯದು. ಹಾಗಾಗಿ ಮುಚ್ಚಿದ ಗೂಡು, ಬಿಸಿಯ ಅಳತೆ, ಪ್ರತಿ ಕುಂಡವನ್ನೂ ನೀರು ತುಂಬಿ ಗಂಟೆಗೆ ಎಷ್ಟು ಇಳಿಯುತ್ತದೆಂದು ನೋಡಿ, ತೀರಾ ವೇಗದ್ದನ್ನು ಒಡೆದುಹಾಕುವ ಶಿಸ್ತು ಇವು ಬೇಕೇ ಬೇಕು. ಕ್ಯಾಂಡಲ್ ಫಿಲ್ಟರುಗಳಿಗೆ ಐಎಸ್ 7402 ಎಂಬ ಮಾನಕ ಈಗಾಗಲೇ ಇದೆ.

ಶೋಧಕದ ಸಾಮರ್ಥ್ಯವನ್ನು ವಿಶ್ವ ಆರೋಗ್ಯ ಸಂಸ್ಥೆ ಹತ್ತರ ಮಡಿಗಳಲ್ಲಿ ಅಳೆಯುತ್ತದೆ. ಬ್ಯಾಕ್ಟೀರಿಯಾ ಮತ್ತು ಪ್ರೋಟೊಜೋವ ನೂರರಲ್ಲಿ ಒಂದಕ್ಕೆ, ವೈರಸ್ ಸಾವಿರದಲ್ಲಿ ಒಂದಕ್ಕೆ ಇಳಿದರೆ ಎರಡು ನಕ್ಷತ್ರ. ಈ ಮೂರರಲ್ಲಿ ಯಾವುದಾದರೂ ಎರಡನ್ನು ಮಾತ್ರ ಆ ಮಟ್ಟಕ್ಕೆ ತಂದರೆ ಒಂದು ನಕ್ಷತ್ರ. ಬರಿಯ ಸೆರಾಮಿಕ್ ಶೋಧಕಗಳು ವೈರಸ್ಸಿನಲ್ಲಿ ಸೋಲುವುದರಿಂದ ಸಾಮಾನ್ಯವಾಗಿ ಒಂದು ನಕ್ಷತ್ರಕ್ಕೇ ನಿಲ್ಲುತ್ತವೆ.

ಮನೆಯವರ ಕೈಗೆಟಕುವ ಪರೀಕ್ಷೆ ಹೈಡ್ರೋಜನ್ ಸಲ್ಫೈಡ್ ಸೀಸೆ. 1982ರಲ್ಲಿ ಮಾಂಜಾ ಮತ್ತು ಸಂಗಡಿಗರು ಪ್ರಕಟಿಸಿದ ಭಾರತದ್ದೇ ವಿಧಾನ ಇದು. ಔಷಧ ಹೀರಿದ ಕಾಗದವಿರುವ ಚಿಕ್ಕ ಸೀಸೆಗೆ ಗುರುತಿನವರೆಗೆ ನೀರು ತುಂಬಿ ಒಂದೆರಡು ದಿನ ಬಿಟ್ಟರೆ, ಮಲದಿಂದ ಬರುವ ಬ್ಯಾಕ್ಟೀರಿಯಾ ಇದ್ದ ನೀರು ಕಪ್ಪಾಗುತ್ತದೆ. ಮಳೆಗಾಲದ ನಡುವೆ ಒಮ್ಮೆ ಎರಡು ಸೀಸೆ ತಂದು, ಒಂದಕ್ಕೆ ಬಾವಿಯ ನೀರು, ಇನ್ನೊಂದಕ್ಕೆ ಫಿಲ್ಟರಿನ ನಲ್ಲಿಯ ನೀರು ತುಂಬಿಡಬೇಕು. ಮೊದಲನೆಯದು ಕಪ್ಪಾಗಿ ಎರಡನೆಯದು ತಿಳಿಯಾಗಿ ಉಳಿದರೆ ಕ್ಯಾಂಡಲ್ ಕೆಲಸ ಮಾಡುತ್ತಿದೆ. ಎರಡೂ ಕಪ್ಪಾದರೆ ವಾಷರನ್ನು ನೋಡಬೇಕು, ಬಿರುಕನ್ನು ಹುಡುಕಬೇಕು, ಕೆಳಗಿನ ಪಾತ್ರೆ ಮತ್ತು ನಲ್ಲಿಯನ್ನು ಬಿಸಿನೀರಿನಲ್ಲಿ ತೊಳೆಯಬೇಕು, ಕಾರಣ ಸಿಗುವವರೆಗೆ ನೀರನ್ನು ಕುದಿಸಬೇಕು.